ನೆಲದ ಮೇಲೆ ಕೂತವಳು

ತಿಪಟೂರಿನ ವೃದ್ಧಾಶ್ರಮವೊಂದರಲ್ಲಿ ನಾನು ಗುಮಾಸ್ತನಾಗಿದ್ದಾಗ ಅಲ್ಲೊಬ್ಬಳು ಆಯಾ ಇದ್ದಳು. ಮುದುಕರು ಯಾರಾದರೂ ಬಿದ್ದರೆ ನಾವೆಲ್ಲ ಎತ್ತಲು ಓಡುತ್ತಿದ್ದೆವು. ಅವಳು ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿದ್ದವರ ಪಕ್ಕ ನೆಲದ ಮೇಲೆ ಕೂತುಬಿಡುತ್ತಿದ್ದಳು. "ಎತ್ತಬ್ಯಾಡ್ರೀ, ಮೊದ್ಲು ಕೇಳ್ರೀ" ಎನ್ನುತ್ತಿದ್ದಳು. ಎಲ್ಲಿ ನೋವು, ಕಾಲು ಆಡುತ್ತದೆಯೇ ಎಂದು ವಿಚಾರಿಸುವಳು. ನೋವಿಲ್ಲ ಎಂದರೆ ಮಾತ್ರ ಕುರ್ಚಿ ತಂದಿಟ್ಟು, ಅದನ್ನು ಹಿಡಿದು ಅವರೇ ನಿಧಾನವಾಗಿ ಏಳಲು ಬಿಡುವಳು.

ಕಾಯಿ ಕೀಳುತ್ತಿದ್ದ ಅವಳ ಗಂಡ ತೆಂಗಿನ ಮರದಿಂದ ಬಿದ್ದಿದ್ದನಂತೆ. "ಬಿದ್ದಾಗ ಕಾಲು ಆಡ್ತಿದ್ವು ಕಣ್ರೀ. ನಾಕು ಜನ ಕೈಕಾಲು ಹಿಡ್ದು ಗಾಡಿಗೆ ಎತ್ತಾಕಿದ್ರು. ಆಮೇಲೆ ಆಡ್ಲೇ ಇಲ್ಲ" ಎಂದಿದ್ದಳು.

ಒಂದು ಬೆಳಿಗ್ಗೆ ಅರಳಗುಪ್ಪೆಯ ಅಜ್ಜಿಯೊಬ್ಬರು ಜಗಲಿಯಲ್ಲಿ ಜಾರಿ ಬಿದ್ದರು. ಸೊಂಟ ಮುಟ್ಟಿದರೆ ಚೀರುತ್ತಿದ್ದರು. ಆಯಾ ಪಕ್ಕದಲ್ಲಿ ಕೂತು, ಡಾಕ್ಟರನ್ನು ಕರೆಸಿ ಎಂದಳು. ಅಷ್ಟರಲ್ಲಿ ದಾನಿಗಳ ಕಾರು ಗೇಟಿಗೆ ಬಂತು.

"ನೆಲದ್ ಮೇಲೆ ಬಿದ್ದಿರೋದು ನೋಡಿದ್ರೆ ಏನಂದ್ಕೋತಾರೆ? ಎತ್ರೀ!" ಎಂದರು ಮ್ಯಾನೇಜರು. ಅವರು ಒಂದು ರಟ್ಟೆ ಹಿಡಿದರು, ನಾನು ಇನ್ನೊಂದು. ಲಟಕ್ಕೆಂದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ಅಜ್ಜಿ ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ.

ವಾರ ಕಳೆದು ಆಯಾಳನ್ನು ಕೆಲಸದಿಂದ ತೆಗೆದರು. ಪತ್ರ ಟೈಪ್ ಮಾಡಿದವನು ನಾನು. ಅವಳಿಗೆ ಓದಲು ಬಾರದ್ದರಿಂದ ಓದಿ ಹೇಳಿದವನೂ ನಾನೇ: 'ಬಿದ್ದ ವೃದ್ಧೆಯನ್ನು ಎತ್ತದೆ, ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದ ಕಾರಣ...'

"ಎತ್ತಿದೋರ ಹೆಸ್ರು ಬರ್ದಿಲ್ವಾ ಸ್ವಾಮಿ?"

ಇಲ್ಲ ಎಂದೆ. ಅವಳು ಪತ್ರವನ್ನು ನೀಟಾಗಿ ಮಡಚಿ ನನ್ನ ಕೈಗೇ ಕೊಟ್ಟಳು.

"ನೀವೇ ಇಟ್ಕಳಿ."