ಅತ್ತೆಯ ಸೊನ್ನೆಗಳು

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಅಂಗಡಿ ಇತ್ತು. ಮುಂದಿನ ಅರ್ಧದಲ್ಲಿ ನನ್ನ ಗಂಡನ ಜೆರಾಕ್ಸ್ ಯಂತ್ರ, ಹಿಂದಿನ ಅರ್ಧದಲ್ಲಿ ನನ್ನ ಕಂಪ್ಯೂಟರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮದುವೆ ಕಾರ್ಡು, ಹ್ಯಾಂಡ್‌ಬಿಲ್ಲು ಮಾಡಿಕೊಂಡಿದ್ದ ನಾನು ಹಟಕ್ಕೆ ಬಿದ್ದು ವೆಬ್‌ಸೈಟ್ ಮಾಡುವುದನ್ನು ಕಲಿತೆ. ಸುತ್ತಲಿನ ಊರುಗಳಲ್ಲಿ ಗಿರಾಕಿಗಳನ್ನೂ ಹಿಡಿದೆ. ಕೂಡ್ಲಿಗಿಯಲ್ಲಿ ಬೀಜದ ಅಂಗಡಿ, ನಮ್ಮೂರಲ್ಲೇ ಒಂದು ಬಟ್ಟೆ ಅಂಗಡಿ, ಹಗರಿಬೊಮ್ಮನಹಳ್ಳಿಯಲ್ಲಿ ಸುಟ್ಟ ಮೋಟಾರುಗಳಿಗೆ ಮತ್ತೆ ತಂತಿ ಸುತ್ತಿಕೊಡುವ ಸಾಹೇಬರು, ಹಡಗಲಿಯಲ್ಲಿ ಮಲ್ಲಿಗೆ ಹೂವಿನ ವ್ಯಾಪಾರಿ, ಹರಪನಹಳ್ಳಿಯಲ್ಲಿ ಕಬ್ಬಿಣದ ಟ್ರಂಕು ಮಾಡುವವರು. ಇವರಿಗೆಲ್ಲ ವೆಬ್‌ಸೈಟು ಯಾಕೆ ಬೇಕಿತ್ತು ಎಂದರೆ, ಎದುರಿನ ಅಂಗಡಿಯವನಿಗೆ ಅದು ಇರಲಿಲ್ಲ. ಅದನ್ನೇ ನಾನು ಚೆನ್ನಾಗಿ ಬಳಸಿಕೊಂಡೆ.

ಆ ಸೈಟುಗಳಲ್ಲಿ ಚಿತ್ರ, ಬಣ್ಣ, ಗುಂಡಿಗಳು ನನ್ನವು. ಬರಹ ಪೂರ್ತಿ ನಮ್ಮ ಅತ್ತೆಯದು. ಅವರು ಹಿರೇಹಡಗಲಿಯ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ಅಂಗಡಿಗೆ ಬಂದು ನನ್ನ ಪಕ್ಕ ಕುಳಿತು, ಒಂದೊಂದೇ ಬೆರಳಿನಲ್ಲಿ ಟೈಪ್ ಮಾಡುವುದನ್ನು ಕಲಿತರು. ಜಾಹೀರಾತಿನ ನಾಲ್ಕು ಸಾಲು ಬರೆದುಕೊಡಿ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಬಸ್ಸು ಹತ್ತಿ ಗಿರಾಕಿಯ ಅಂಗಡಿಗೇ ಹೋಗಿ, ಸ್ಟೂಲು ಹಾಕಿಸಿಕೊಂಡು ಕುಳಿತು, ಕೇಳಿ ಕೇಳಿ ಬರೆದುಕೊಂಡು ಬರುತ್ತಿದ್ದರು. ಮಲ್ಲಿಗೆ ಮೊಗ್ಗನ್ನು ಯಾವ ಹೊತ್ತಿಗೆ ಬಿಡಿಸಿದರೆ ಊರು ಮುಟ್ಟಿದ ಮೇಲೆ ಅರಳುತ್ತದೆ, ಟ್ರಂಕಿನ ತಗಡಿಗೆ ತುಕ್ಕು ಹಿಡಿಯದಂತೆ ಏನು ಬಳಿಯುತ್ತಾರೆ, ಮೋಟಾರು ಸುಡುವ ಮೊದಲು ಎಂಥ ವಾಸನೆ ಬರುತ್ತದೆ, ಎಲ್ಲವೂ ಅವರ ಪುಟಗಳಲ್ಲಿತ್ತು. ಅವು ವೆಬ್‌ಸೈಟಿಗಿಂತ ಹೆಚ್ಚಾಗಿ ಪಾಠದ ಪುಸ್ತಕದಂತಿದ್ದವು. ನನಗೆ ಅದೇ ಇಷ್ಟವಾಗಿತ್ತು.

ತೊಂದರೆ ಶುರುವಾದದ್ದು ಸಾಫ್ಟ್‌ವೇರಿನಿಂದ. ನಾನು ಸೈಟು ಕಟ್ಟುತ್ತಿದ್ದುದು ಅದರ ಹಳೆಯ ಆವೃತ್ತಿಯಲ್ಲಿ. ಅದರಲ್ಲಿ ಕನ್ನಡ ಎಂದರೆ ಒಂದು ಬಗೆಯ ವೇಷ: ಒಳಗೆ ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡ ಫಾಂಟಿನ ಬಟ್ಟೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಪುಟ ತೆರೆದರೆ ಬರೀ ಗೀಚು. ನಮ್ಮ ಸೈಟುಗಳನ್ನು ಇಟ್ಟುಕೊಂಡಿದ್ದ ಕಂಪನಿಯವರು, ಯುಗಾದಿ ಆದಮೇಲೆ ಹಳೆಯ ಬಗೆಯ ಪುಟಗಳನ್ನು ಇಟ್ಟುಕೊಳ್ಳುವುದಿಲ್ಲ, ಹೊಸ ಆವೃತ್ತಿಗೆ ಬದಲಾಯಿಸಿಕೊಡಿ ಎಂದು ತಿಳಿಸಿದರು. ಹೊಸದರಲ್ಲಿ ಕನ್ನಡ ನಿಜವಾದ ಕನ್ನಡವಾಗಿಯೇ ಕೂರುತ್ತಿತ್ತು.

"ಇಷ್ಟಕ್ಕ್ಯಾಕ ತಲಿ ಕೆಡಿಸ್ಕೊಂತಿ?" ಎಂದರು ನನ್ನ ಗಂಡ, ಕಾಗದದ ಕಟ್ಟು ಬಿಚ್ಚುತ್ತಾ. "ಎಲ್ಲಾ ತಗದು ಇಂಗ್ಲಿಷಿನ್ಯಾಗ ಐದೈದು ಸಾಲು ಹಾಕಿ ಕೊಡು. ಒಂದು ಫೋಟೊ, ಒಂದು ಫೋನ್ ನಂಬರು. ಯಾರು ಓದ್ತಾರ ಅಷ್ಟೆಲ್ಲಾ?"

ಅತ್ತೆ ಅಲ್ಲೇ ಇದ್ದರು. ಮಗನ ಮಾತು ಕೇಳಿ, "ಹೋದ್ರ ಹೋಗ್ಲಿ, ನಾ ಮತ್ತ ಟೈಪ್ ಮಾಡ್ತೀನಿ" ಎಂದು ನನ್ನ ಕಡೆ ತಿರುಗಿದರು. ಆದರೆ ಆ ಹೊತ್ತಿಗೆ ಅವರ ಕಣ್ಣು ಹೋಗಿತ್ತು. ಒಂದರಲ್ಲಿ ಪೂರ್ತಿ ಮಬ್ಬು, ಇನ್ನೊಂದರಲ್ಲಿ ನಡುವೆ ಕಪ್ಪು ಕಲೆ. ಆಪರೇಷನ್ ಮಾಡಿದರೂ ಉಪಯೋಗವಿಲ್ಲ ಎಂದು ದಾವಣಗೆರೆಯ ಡಾಕ್ಟರು ಹೇಳಿಬಿಟ್ಟಿದ್ದರು. ಪರದೆಗೆ ಮೂಗು ತಾಗಿಸಿದರೂ ಅವರಿಗೆ ಅಕ್ಷರ ಸಿಗುತ್ತಿರಲಿಲ್ಲ. ಅವರು ಬರೆದದ್ದು ಈಗ ಅಳಿದರೆ ಅಳಿದೇಹೋಯಿತು. ಇನ್ನೊಂದು ಸಲ ಬರೆಯುವವರಿಲ್ಲ. ಒಂದಕ್ಷರವನ್ನೂ ಬಿಡುವುದಿಲ್ಲ ಎಂದು ಆಗಲೇ ನಿರ್ಧರಿಸಿದೆ. ಗಂಡನಿಗೂ ಹಾಗೆಯೇ ಹೇಳಿದೆ, ಸ್ವಲ್ಪ ಜೋರಾಗಿಯೇ.

ಹೊಸ ಆವೃತ್ತಿ ಹಾಕಿಸಿದೆ. ಹಳೆಯ ಫಾಂಟಿನ ಬರಹವನ್ನು ಹೊಸ ಕನ್ನಡಕ್ಕೆ ತಿರುಗಿಸುವ ಒಂದು ಸಣ್ಣ ಪ್ರೋಗ್ರಾಂ ಹುಡುಕಿ ತಂದೆ. ಎಲ್ಲ ಸೈಟುಗಳನ್ನೂ ಬೇರೆಡೆ ಒಂದೊಂದು ನಕಲು ಮಾಡಿಟ್ಟುಕೊಂಡು, ಮೊದಲು ಮೋಟಾರು ಸಾಹೇಬರದ್ದನ್ನು ತೆರೆದೆ. ಬಣ್ಣ, ಗುಂಡಿ, ಚಿತ್ರ ಎಲ್ಲ ಸರಿಯಾಗಿ ಬಂದವು. ಒತ್ತಕ್ಷರಗಳು ಬಂದವು. ಅರ್ಕಾವತ್ತು ಕೂಡ ಬಂತು. ಖುಷಿಯಿಂದ ಕುರ್ಚಿಗೆ ಒರಗಬೇಕು, ಅಷ್ಟರಲ್ಲಿ ಕಣ್ಣಿಗೆ ಬಿತ್ತು: "ಪ0ಪ್‌ಸೆಟ್". ಕೆಳಗೆ "ತ0ತಿ". ಅದರ ಕೆಳಗೆ "ಹ0ಪಸಾಗರದಿ0ದ ಬ0ದ ರೈತರು". ಪುಟದ ತುಂಬ ದಪ್ಪ ದಪ್ಪ ಸೊನ್ನೆಗಳು.

ತುಸು ಹೊತ್ತು ಏನೂ ತಿಳಿಯಲಿಲ್ಲ. ಹಳೆಯ ಫೈಲು ತೆಗೆದು ಹೋಲಿಸಿದಾಗ ಅರ್ಥವಾಯಿತು. ಅತ್ತೆ ಅನುಸ್ವಾರಕ್ಕೆ ಅನುಸ್ವಾರದ ಕೀಲಿ ಒತ್ತಿಯೇ ಇರಲಿಲ್ಲ. ಮೊದಲ ದಿನದಿಂದ ಕೊನೆಯ ದಿನದವರೆಗೆ, ಎಲ್ಲ ಪುಟಗಳಲ್ಲೂ, ಅಂಕಿಯ ಸಾಲಿನ ಸೊನ್ನೆಯನ್ನೇ ಒತ್ತಿದ್ದರು. ಹಳೆಯ ಫಾಂಟಿನಲ್ಲಿ ಎರಡೂ ದುಂಡಗೆ ಒಂದೇ ಥರ ಕಾಣುತ್ತಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

"ಅತ್ತಿ, ಅಂ ಅಂತ ಬರಿಯಾಕ ಯಾವ ಕೀ ಒತ್ತತಿದ್ರಿ?"

"ಸೊನ್ನೀದು."

"ಸೊನ್ನಿ ಬ್ಯಾರೆ, ಅನುಸ್ವಾರ ಬ್ಯಾರೆ ಅಲ್ಲೇನ್ರಿ?"

"ಏನ್ ಬ್ಯಾರೆ?" ಅವರ ದನಿ ಏರಿತು. "ಕ ಬರಿ, ಮುಂದ ಸೊನ್ನಿ ಹಚ್ಚು, ಕಂ ಆತು ಅಂತ ಊರ ಮಕ್ಕಳಿಗೆಲ್ಲಾ ಕಲಿಸೀನಿ. ಒಂದು ಮಗು ತಪ್ಪು ಓದಿಲ್ಲ. ನಿನ್ನ ಕಂಪ್ಯೂಟರಿಗೆ ತಿಳೀವಲ್ದು ಅಂದ್ರ ಅದಕ್ಕ ಕಲಿಸು ಹೋಗು."

ನನಗೂ ರೇಗಿತು. ಎದ್ದು ಹೋಗಿ ಒಂದೇ ಏಟಿಗೆ ಎಲ್ಲ ಸೊನ್ನೆಗಳನ್ನೂ ಅನುಸ್ವಾರ ಮಾಡು ಎಂದು ಕಂಪ್ಯೂಟರಿಗೆ ಆಜ್ಞೆ ಕೊಟ್ಟೆ. ಮಾಡಿತು. ಪಂಪ್‌ಸೆಟ್ ಸರಿಹೋಯಿತು, ತಂತಿ ಸರಿಹೋಯಿತು. ಫೋನ್ ನಂಬರುಗಳು ಹಾಳಾದವು. ಸೊನ್ನೆ ಇದ್ದಲ್ಲೆಲ್ಲ ಚುಕ್ಕಿಚುಕ್ಕಿಯ ಬಳೆಯೊಂದು ಕೂತು, ಅದರ ಪಕ್ಕ ಅನುಸ್ವಾರ ಜೋತುಬಿದ್ದಿತ್ತು. ಹತ್ತು ಅಶ್ವಶಕ್ತಿಯ ಮೋಟಾರು ಒಂದೂ ಅಲ್ಲ, ಹತ್ತೂ ಅಲ್ಲ ಎಂಬಂತಾಗಿತ್ತು. ಮತ್ತೆ ನಕಲಿನಿಂದ ಹಳೆಯದನ್ನು ತಂದಿಟ್ಟೆ.

ಕೈಯಲ್ಲಿ ಒಂದೊಂದನ್ನೇ ತಿದ್ದುತ್ತಾ ಕೂತರೆ ಯುಗಾದಿಯೊಳಗೆ ಒಂದು ಸೈಟೂ ಮುಗಿಯುತ್ತಿರಲಿಲ್ಲ. ಆದರೂ ಕೂತೆ. ಗಂಡ ಆಗಾಗ ಹಿಂದೆ ಬಂದು ನಿಂತು, ಏನೂ ಹೇಳದೆ ಹೋಗುತ್ತಿದ್ದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಅತ್ತೆಗೂ ನನಗೂ ಮಾತು ನಿಂತಿತ್ತು. ಊಟಕ್ಕೆ ಬಾ ಎಂಬುದನ್ನೂ ಅವರು ಗೋಡೆಗೆ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ತಡೆಯಲಾರದೆ ನಾನೇ ಬಾಯಿ ಬಿಟ್ಟೆ. "ಯಾವ ಸೊನ್ನಿ ಅಂಕಿ, ಯಾವ ಸೊನ್ನಿ ಅಕ್ಷರ ಅಂತ ಅದಕ್ಕ ಹೆಂಗ್ ಹೇಳ್ಲಿ? ನಮಗೇನೋ ನೋಡಿದ್ರ ತಿಳೀತೈತಿ. ಅದಕ್ಕ ತಿಳಿಯಂಗಿಲ್ಲ."

ಅತ್ತೆ ನನ್ನ ದನಿ ಬಂದ ಕಡೆ ತಿರುಗಿದರು. ಆಮೇಲೆ ತರಗತಿಯಲ್ಲಿ ಕೇಳುವಂತೆ ಕೇಳಿದರು. "ಅನುಸ್ವಾರ ಸ್ವರ ಏನು, ವ್ಯಂಜನ ಏನು?"

"ಎರಡೂ ಅಲ್ಲ. ಯೋಗವಾಹ." ಐದನೇ ಇಯತ್ತೆಯ ಪಾಠ ಬಾಯಿಗೆ ಬಂತು.

"ಯೋಗವಾಹ ಅಂದ್ರ?"

"ಬ್ಯಾರೆ ಅಕ್ಷರದ ಆಸರಿ ಇಲ್ದ ನಿಲ್ಲಂಗಿಲ್ಲ."

"ಮತ್ತ?" ಎಂದರು ಅವರು. "ಆಸರಿ ಇದ್ದ ಸೊನ್ನಿ ಅಕ್ಷರ. ಆಸರಿ ಇಲ್ದ ಸೊನ್ನಿ ಅಂಕಿ. ಇಷ್ಟ್ ಹೇಳಾಕ ಬರಂಗಿಲ್ಲೇನು ಅದಕ್ಕ?"

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ನಿಜವೇ ಆಗಿತ್ತು. ಸೊನ್ನೆಯ ಹಿಂದೆ ಅಕ್ಷರವಿದ್ದರೆ ಅದು ಅನುಸ್ವಾರ. ಹಿಂದೆ ಅಂಕಿಯೋ ಖಾಲಿ ಜಾಗವೋ ಇದ್ದರೆ ಅದು ಸೊನ್ನೆ. ಹೀಗೆ ಹಿಂದುಮುಂದು ನೋಡಿ ಬದಲಾಯಿಸುವ ಸೌಲಭ್ಯ ಹೊಸ ಆವೃತ್ತಿಯಲ್ಲಿತ್ತು. ಕೈ ತೊಳೆದು ಅಂಗಡಿಗೆ ಓಡಿದೆ. ನಿಯಮ ಬರೆದು ಒಂದು ಪುಟದ ಮೇಲೆ ಪರೀಕ್ಷೆ ಮಾಡಿದೆ. ಪಂಪ್‌ಸೆಟ್ ಬಂತು, ತಂತಿ ಬಂತು, ಹಂಪಸಾಗರದಿಂದ ಬಂದ ರೈತರು ಬಂದರು, ಫೋನ್ ನಂಬರು ಅಲುಗಾಡದೆ ಕೂತಿತ್ತು. ಅಲ್ಲಲ್ಲಿ ಅತ್ತೆ ಅಕ್ಷರಕ್ಕೂ ಅಂಕಿಗೂ ನಡುವೆ ಜಾಗ ಬಿಡದೆ ಒತ್ತಿದ್ದನ್ನು ಮಾತ್ರ ಕೈಯಲ್ಲಿ ತಿದ್ದಿದೆ. ಆಮೇಲೆ ಉಳಿದ ಸೈಟುಗಳನ್ನು ಒಂದರ ಹಿಂದೆ ಒಂದು ಹೊಸ ಆವೃತ್ತಿಗೆ ತಂದೆ. ಸಂತೋಷಕ್ಕೆ ಕಣ್ಣು ತುಂಬಿ ಪರದೆ ಮಬ್ಬಾಯಿತು, ಸುಳ್ಳು ಯಾಕೆ ಹೇಳಲಿ.

ಯುಗಾದಿಗೆ ಮುಂಚೆ ಮೋಟಾರು ಸಾಹೇಬರು ಕೊಟ್ಟೂರಿಗೆ ಬಂದವರು ಅಂಗಡಿಗೂ ಬಂದರು. ಇಂಗ್ಲಿಷೇ ವಾಸಿ ಎಂದು ಯಾರೋ ಅವರ ತಲೆಗೆ ತುಂಬಿದ್ದರು. ನಾನು ವಾದಕ್ಕೆ ಹೋಗದೆ ಅವರ ಪುಟ ತೆರೆದು ಕುರ್ಚಿ ಎಳೆದುಕೊಟ್ಟೆ. ಅತ್ತೆ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು.

"ಓದ್ರಿ ಸಾಹೇಬ್ರ, ಜೋರಾಗಿ," ಎಂದರು.

ಸಾಹೇಬರು ಉರ್ದು ಶಾಲೆಯಲ್ಲಿ ಕಲಿತವರು. ಕನ್ನಡವನ್ನು ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು. "ಮೋಟಾರು ಸುಡುವ ಮುನ್ನ ಹೇಳಿಯೇ ಸುಡುತ್ತದೆ. ಮೊದಲು ಅರಗಿನ ವಾಸನೆ ಬರುತ್ತದೆ. ಆಗಲೇ ನಿಲ್ಲಿಸಿದವರಿಗೆ ನಮ್ಮ ಅಂಗಡಿಯ ಅಗತ್ಯವಿಲ್ಲ." ಓದಿ ನಿಲ್ಲಿಸಿದರು. "ಯಾ ಅಲ್ಲಾ, ಇದು ನಾ ಹೇಳಿದ್ದ ಅಲ್ಲೇನ್ರಿ ಅಕ್ಕೋರ? ಇದನ್ನ ತಗೀಬ್ಯಾಡ್ರಿ. ಕನ್ನಡಾನ ಇರ್ಲಿ."

ಅತ್ತೆ ನಗಲಿಲ್ಲ. ಜೆರಾಕ್ಸ್ ಯಂತ್ರದ ಹತ್ತಿರ ನಿಂತು ಕೇಳುತ್ತಿದ್ದ ಮಗನ ಕಡೆಗೆ ಮುಖ ತಿರುಗಿಸಿದರು.

"ಅಷ್ಟು ವರ್ಷ ಹಲಗಿ ಮ್ಯಾಲೆ ಬರದೆ. ಗಂಟಿ ಹೊಡದ ಮ್ಯಾಲೆ ನನ್ನ ಕೈಯಾರೆ ನಾನ ಒರಸ್ತಿದ್ದೆ. ನಾ ಬರದದ್ದು ಒರಸದಂಗ ಉಳದದ್ದು ಇದೊಂದ ನೋಡಪಾ."

ನನ್ನ ಗಂಡ ಬಂದು ಬೆಂಚಿನ ತುದಿಯಲ್ಲಿ ಕೂತರು. ಅತ್ತೆ ಸಾಹೇಬರ ಕಡೆ ತಿರುಗಿ, "ಮುಂದಿನ ಪುಟ ಓದ್ರಿ," ಎಂದರು.