ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟ ಸಂಜಿ

ನಿನ್ನಿ ಮನಿಗೆ ಹೊಸ ಕಂಪ್ಯೂಟರ್ ಬಂತು. ಗುಂಡಿ ಒತ್ತಿ, ಚಾಕ್ಕ ಇಟ್ಟು, ಸೋಸಿ, ಕುಡುದು, ಕಪ್ಪು ತೊಳದು ಬಂದೆ. ಅದಿನ್ನೂ ಕಣ್ಣು ಬಿಟ್ಟಿರಲಿಲ್ಲ. ಬಂದ್ ಮಾಡಾಕ ಹೋದ್ರೂ ಅದಽ ಹಾಡು. ಕೊಟ್ಟ ಅಂಗಡಿಗೆ ಫೋನ್ ಹಚ್ಚಿದೆ. ಎತ್ತಿದಾಂವ ನನ್ನ ಮಾತು ಅರ್ಧಕ್ಕ ಕತ್ತರಿಸಿ, "ಮೇಡಂ, ಮನ್ಯಾಗ ಸರ್ ಇದ್ರ ಅವರ ಕೈಯಾಗ ಫೋನ್ ಕೊಡ್ರಿ" ಅಂದ.

ಅಂಗಾಲ ಉರಿ ನೆತ್ತಿಗೇರಿತು ನೋಡ್ರಿ. ಫೋನ್ ಕುಕ್ಕಿದೆ. ಇಷ್ಟಕ್ಕಽ ಇಷ್ಟ್ಯಾಕ ಸಿಟ್ಟು ಅಂತ ನಿಮಗ ಅನಸಬಹುದು. ಈ ಸಿಟ್ಟು ನಿನ್ನಿದಲ್ರಿ. ತೊಂಬತ್ತರ ದಶಕದಾಗ, ಆಳಂದದಾಗ, ನಮ್ಮ ಕಾಕಾನ ಪ್ರೆಸ್ಸಿನ್ಯಾಗ ಹುಟ್ಟಿದ್ದು.

ಕಾಕಾ ಅಂದ್ರ ನಮ್ಮಪ್ಪನ ತಮ್ಮ. ಲಗ್ನಪತ್ರಿಕಿ ಛಾಪಿಸಾಂವ. ಹಣಿ ತುಂಬ ವಿಭೂತಿ, ಬಾಯಿ ತುಂಬ ವಚನ. ಹೆಣ್ಣು ಗಂಡು ಒಂದಽ ಅಂತ ಮಠದಾಗ ಭಾಷಣ ಮಾಡಿದ್ರ ಹೆಣ್ಮಕ್ಕಳು ಕಣ್ಣೀರು ಒರಸ್ಕೋತಿದ್ರು. ನಾನೂ ಒರಸ್ಕೊಂಡಾಕಿನಽ. ಅಚ್ಚಿನ ಮೊಳಿ ಜೋಡಸೂ ಕಾಲ ಮುಗೀತಂತ ಆತ ಕಂಪ್ಯೂಟರ್ ತಂದಾಗ, ಗುಲ್ಬರ್ಗಾಕ್ಕ ಹೋಗಿ ಅದನ್ನ ಕಲ್ತಾಕಿ ನಮ್ಮ ಮನಿತನದಾಗ ನಾ ಒಬ್ಬಾಕಿನಽ ಇದ್ದೆ. ಹಿಂಗಾಗಿ ಅದರ ಮುಂದಿನ ಕುರ್ಚಿ ನನಗ ಸಿಕ್ತು. ಆ ಕುರ್ಚಿ ಹೋದ್ರ ನನ್ನ ಹಣಿಬರಹ ರೊಟ್ಟಿ ಬಡಿಯೂದು, ನೋಡಾಕ ಬಂದ ಗಂಡಿನವರಿಗೆ ಚಾ ಕೊಡೂದು.

ಮೊದಲನೇ ಮುಂಜಾನಿ ಪಟ್ಟನ ಎದ್ದ ಮಷೀನು ಮರುದಿನದಿಂದ ಏಳವಲ್ದು. ನೀಲಿ ಪರದೆ ಮ್ಯಾಲ ಹಳದಿ ಪಟ್ಟಿಯೊಂದು ತೆವಳತಿತ್ತು, ತೆವಳತಿತ್ತು, ತೆವಳತನಽ ಇತ್ತು. ಮಾದನಹಿಪ್ಪರಗಾದಿಂದ ಮೊದಲ ಬಸ್ಸಿಗೆ ಬಂದಿದ್ದ ಮುತ್ಯಾ ಒಬ್ಬ, "ತಂಗಿ, ಈ ಪೆಟ್ಟಿಗಿ ಏಳೂದ್ರಾಗ ನನ್ನ ಮೊಮ್ಮಗಳು ಹಡದು ತೊಟ್ಟಿಲಾ ಕಟ್ಟತಾಳ, ಪತ್ರಿಕಿ ಯಾವಾಗ ಕೊಡ್ತಿ?" ಅಂದ. ಎಲ್ಲಾರೂ ನಕ್ಕರು. ಕಾಕಾ ನಗಲಿಲ್ಲ.

"ಮಷೀನು ಹೊಸಾದು. ಐಬು ಇರೂದು ನಿನ್ನ ಕೈಯಾಗ. ಸುಧಾರಸಲಿಲ್ಲಂದ್ರ ಆ ಕುರ್ಚಿಗೆ ಗಂಡಸ್ರನ್ನ ತರ್ತೀನಿ ನೋಡು."

ಗುಲ್ಬರ್ಗಾದಿಂದ ರಿಪೇರಿ ಸಾಹೇಬ ಬಂದ. ಡಬ್ಬಿ ಬಿಚ್ಚಿದ, ಊದಿದ, ಮುಚ್ಚಿದ. ಮಿರ್ಚಿ ಭಜಿ ತಿಂದ. ದಿನಾ ಅದರ ಮುಂದ ಕೂಡೂ ನನ್ನನ್ನ ಒಂದು ಮಾತೂ ಕೇಳದ, "ಹೆಣ್ಮಕ್ಕಳು ಗುಂಡಿ ಜೋರ್ ಒತ್ತತಾರ್ರಿ" ಅಂದು ಬಸ್ ಹತ್ತಿದ. ಮರುದಿನ ಮತ್ತ ಅದಽ ಹಳದಿ ಪಟ್ಟಿ.

ಅಷ್ಟ್ರಾಗ ಕಾಕಾ ಲಗ್ನಕ್ಕಂತ ಅಫಜಲಪುರಕ್ಕ ಹೋದ. ಸಂಜಿ ಅಂಗಡಿ ನಾನಽ ಮುಚ್ಚಿದೆ. ಬಂದ್ ಮಾಡಿದ್ರ ಮಷೀನು ಭಾಳ ಹೊತ್ತು ಗುರ್ ಗುರ್ ಅಂತು. ಕಡೀಕ ಕರಿ ಪರದೆ ಮ್ಯಾಲ ಕೇಸರಿ ಅಕ್ಷರ ಮೂಡಿದ್ವು: ಇನ್ನ ಕರೆಂಟ್ ತಗೀಬಹುದು ಅಂತ. ಗುಲ್ಬರ್ಗಾದ ಕ್ಲಾಸಿನ್ಯಾಗ ಬಂದ್ ಮಾಡೂದು ಮಾಸ್ತರನ ಕೆಲಸ ಇತ್ತು. ಆ ಅಕ್ಷರ ನಾ ನೋಡಿದ್ದಽ ಅವತ್ತು. ಮರುದಿನ ಮಷೀನು ಪಟ್ಟನ ಎದ್ದು ಕೂತ್ತು.

ಆಗ ಹೊಳೀತು. ಕಾಕಾ ದಿನಾ ಸಂಜಿ, ಲಿಂಗಪೂಜಿಗೆ ಹೊತ್ತಾತಂತ, ಅದು ಇನ್ನೂ ಬಂದ್ ಆಗಾಕತ್ತಿದ್ದಾಗಽ ಮೇನ್ ಸ್ವಿಚ್ ಎಳೀತಿದ್ದ. ಅರ್ಧಕ್ಕ ಕತ್ತು ಹಿಚುಕಿಸಿಕೊಂಡಿದ್ದು ಮುಂಜಾನಿ ಮೈಯೆಲ್ಲಾ ತಡವಿ ನೋಡ್ಕೊಂಡು ಏಳತಿತ್ತು. ಇಷ್ಟಽ. ಕಾಕಾ ಬಂದ ಕೂಡ್ಲೆ ಹೇಳಿದೆ. "ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ" ಅಂದ, ಗಿರಾಕಿಗಳ ಮುಂದ.

ಅವತ್ತು ಸಂಜಿ ಆತ ಮೇನಿನ ಕಡೆ ಬಂದಾಗ ನಾ ಅದಕ್ಕ ಬೆನ್ನು ಕೊಟ್ಟು ನಿಂತೆ.

"ಆ ಕಡೆ ಸರೀ ಬೇ."

"ಅಕ್ಷರ ಬರೂ ತನಕ ಸರಿಯಂಗಿಲ್ರಿ ಕಾಕಾ."

ಕಾಕಾನ ಮೂಗಿನ ಹೊಳ್ಳಿ ಅರಳಿದ್ವು. ನಾ ಸರೀಲಿಲ್ಲ. ಕೇಸರಿ ಅಕ್ಷರ ಬಂದ್ವು. ಸರದು ನಿಂತೆ. ಆತ ಮೇನ್ ಎಳದು ಪೂಜಿಗೆ ಹೋದ.

ಮುಂಜಾನಿ ಮಷೀನು ಪಟ್ಟನ ಎದ್ತು. ಕಾಕಾ ಬಜಾರಿನ ಮಂದೀನೆಲ್ಲಾ ಕರದು ತೋರಿಸಿ, "ಗುಲ್ಬರ್ಗಾ ಸಾಹೇಬರ ಕೈಗುಣ ನೋಡ್ರಿ!" ಅಂದ. ಗೆದ್ದಲು ಕಟ್ಟಿದ ಹುತ್ತಕ್ಕ ಹಾವು ಹೊಕ್ಕಂಗ. ಒಂದು ವಾರದಾಗ ಸಾಹೇಬರ ತಮ್ಮ ಬಂದು ನನ್ನ ಕುರ್ಚಿ ಮ್ಯಾಲ ಕೂತ. ನಾ ನನ್ನ ಊಟದ ಡಬ್ಬಿ ತಗೊಂಡು ಹೊರಡೂ ಮುಂದ ಕಾಕಾ ಅವನಿಗೆ ಹೇಳಾಕತ್ತಿದ್ದ: "ಅಕ್ಷರ ಬರೂ ತನಕ ಮೇನ್ ಮುಟ್ಟಬ್ಯಾಡ್ರಿ. ನಿಮ್ಮ ಅಣ್ಣಾರಽ ಹೇಳ್ಯಾರ."

ನಾನೇನಂದೆ ಅಂತ ಕೇಳ್ತೀರೇನು? ಏನೂ ಅನ್ನಲಿಲ್ಲ. ಮನಿಗೆ ಹೋಗಿ ರೊಟ್ಟಿ ಬಡದೆ. ಅವತ್ತು ಆಡದ ಮಾತು ಇವತ್ತಿಗೂ ಬಾಕಿ ಐತಿ.

ಇವತ್ತು ಮುಂಜಾನಿ ಹೊಸಾದನ್ನ ನಾನಽ ಕೂತು ಕೆದರಿದೆ. ನಾ ಕೇಳದ ಹತ್ತೆಂಟು ಪ್ರೋಗ್ರಾಂ ಅಂಗಡಿಯವರು ತುಂಬಿ ಕೊಟ್ಟಿದ್ರು. ಮಷೀನು ಎದ್ದರ ತಾವೂ ಏಳ್ತಾವ, ಮಲಗಂದ್ರ ತಾವೂ ಹಟ ಹಿಡೀತಾವ. ಒಂದೊಂದಾಗಿ ಕಿತ್ತು ಹಾಕಿದೆ. ಚಾ ಕುದಿಯೂದ್ರಾಗ ಎದ್ತು. ಅಷ್ಟ್ರಾಗ ಅಂಗಡಿಯಿಂದ ಫೋನ್ ಬಂತು: "ಸರ್ ನೋಡಿದ್ರೇನ್ರಿ ಮೇಡಂ?"

"ಸರ್ ನೋಡಿಲ್ಲ, ನಾ ನೋಡೇನಿ! ಕಸ ತುಂಬಿದವರು ನೀವು, ತಗದಾಕಿ ನಾನು. ನನ್ನ ಕೆಲಸಕ್ಕ ಇನ್ನೊಬ್ಬರ ಹೆಸರು ಹಚ್ಚಬ್ಯಾಡ್ರಿ. ಮಷೀನಿನ ಮುಂದ ಕೂಡಾಕಿ ಹೇಳೂದನ್ನ ಮೊದ್ಲ ಪೂರಾ ಕೇಳ್ರಿ. ತಿಳೀತೇನ್ರಿ ಕಾಕಾ?"

ಆ ಕಡೆಯಿಂದ ಹೆದರಿದ ಸಣ್ಣ ದನಿ ಬಂತು:

"ಯಾವ ಕಾಕಾರಿ, ಮೇಡಂ?"