ಗಿಡ್ಡವಾಗುತ್ತ ಹೋದ ಹಗ್ಗ

ನಮ್ಮ ದೊಡ್ಡಮ್ಮನ ಮದುವೆಯಲ್ಲಿ ನಾನೇ ಓಡಾಡಿ ಊಟ ಬಡಿಸಿದ್ದೇನೆ. ಅಮ್ಮನ ಅಕ್ಕನ ಮದುವೆ ನೋಡುವ ಯೋಗ ಎಷ್ಟು ಜನರಿಗೆ ಸಿಗುತ್ತದೆ ಹೇಳಿ? ಆಗ ನನಗೆ ಇಪ್ಪತ್ತು ದಾಟಿತ್ತು, ದೊಡ್ಡಮ್ಮನಿಗೆ ಐವತ್ತು.

ದೊಡ್ಡಮ್ಮ, ಅಮ್ಮ ಇಬ್ಬರದೂ ಒಂದೇ ಕಸುಬು. ಬಂದರಿನ ಗೇಟಿನ ಎದುರು, ತಗಡಿನ ಚಾವಣಿಯ ಶೆಡ್ಡಿನಲ್ಲಿ ಕೂತು ಉಕ್ಕಿನ ಹಗ್ಗಕ್ಕೆ ಕಣ್ಣು ಹೆಣೆಯುವುದು. ಕ್ರೇನಿನಿಂದ ಭಾರ ಎತ್ತುವ ಹಗ್ಗವದು. ಹೊಲಿಗೆ ಸೂಜಿಯಷ್ಟು ದಪ್ಪದ ತಂತಿಗಳನ್ನು ಹೊಸೆದು ಒಂದು ಎಳೆ ಮಾಡಿರುತ್ತಾರೆ. ಅಂಥ ಆರು ಎಳೆಗಳು ಗ್ರೀಸು ಕುಡಿದ ಸೆಣಬಿನ ಹುರಿಯೊಂದನ್ನು ಸುತ್ತಿಕೊಂಡರೆ ಹಗ್ಗ. ಕಾರ್ಖಾನೆಯಿಂದ ಅದು ಉರುಳೆಗಳಲ್ಲಿ ಬರುತ್ತಿತ್ತು. ಬೇಕಾದಷ್ಟು ಉದ್ದ ಕತ್ತರಿಸಿ, ತುದಿಯನ್ನು ಮಡಚಿ, ಆರೂ ಎಳೆ ಬಿಡಿಸಿ, ಒಂದೊಂದನ್ನೂ ಹಗ್ಗದ ಒಡಲೊಳಗೆ ಮತ್ತೆ ಮತ್ತೆ ತೂರಿಸಿ ಬಿಗಿದರೆ ತುದಿಯಲ್ಲೊಂದು ಕುಣಿಕೆ ನಿಲ್ಲುತ್ತದೆ. ಕೊಕ್ಕೆಗೆ ಸಿಕ್ಕಿಸುವ ಆ ಕುಣಿಕೆಗೇ ಕಣ್ಣು ಅನ್ನುತ್ತಿದ್ದರು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ದೊಡ್ಡಮ್ಮ ಮೊಳಕೈಯುದ್ದದ ದಬ್ಬಣ ತಿವಿದು ಎಳೆಗಳ ನಡುವೆ ದಾರಿ ಬಿಡಿಸಬೇಕು, ಅದೇ ಗಳಿಗೆಗೆ ಅಮ್ಮ ಎದುರಿನಿಂದ ಎಳೆ ತೂರಿಸಿ ಜಗ್ಗಬೇಕು. ಅಕ್ಕತಂಗಿಯರ ಕೈಗಳು ಮಾತಿಲ್ಲದೆ ಅರ್ಥ ಮಾಡಿಕೊಳ್ಳುತ್ತಿದ್ದವು. ಬಾಯಿಗಳು ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

ಈ ವಿದ್ಯೆ ಕಲಿಸಿದವರು ನಮ್ಮ ತಾತ. ಅಮ್ಮನಿಗೆ ಬೀದಿ ಕೊನೆಯ ಟೈಲರ್ ಜೊತೆ ಮದುವೆಯಾಯಿತು, ಅವರೇ ನನ್ನಪ್ಪ. ದೊಡ್ಡಮ್ಮನನ್ನೂ ನೋಡಲು ಬಂದಿದ್ದರಂತೆ. ಬಂದವರು ಅವಳ ಅಂಗೈಯ ಗಾಯದ ಗೆರೆಗಳನ್ನೇ ನೋಡುತ್ತ ಕೂತರು, ಮುಖ ನೋಡಲಿಲ್ಲ. "ಹುಡುಗಿ ಬೇಕಿದ್ದರೆ ಮೇಲೆ ನೋಡಿ, ಹಗ್ಗ ಬೇಕಿದ್ದರೆ ನಾಳೆ ಶೆಡ್ಡಿಗೆ ಬನ್ನಿ" ಅಂದಳಂತೆ. ಆ ಸಂಬಂಧ ಅಲ್ಲಿಗೇ ಮುಗಿಯಿತು. ಅವಳಿಗೆ ಅದರ ಕೊರಗೇನೂ ಇರಲಿಲ್ಲ. ಅವಳ ನಗು ಎಂಥದ್ದೆಂದರೆ, ಶೆಡ್ಡಿನಲ್ಲಿ ನಕ್ಕರೆ ಗೇಟಿನ ಕಾವಲುಗಾರ ಏನೂ ಗೊತ್ತಿಲ್ಲದೆ ತಾನೂ ನಗುತ್ತಿದ್ದ.

ಅವಳಿಗೆ ಐವತ್ತಾದ ವರ್ಷ ಬಂದರಿಗೆ ಹೊಸದೊಂದು ತೇಲುವ ಕ್ರೇನು ಬಂತು, ಅದನ್ನು ನಡೆಸುವ ಆಪರೇಟರೂ ಬಂದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದ್ದ ಮನುಷ್ಯ. ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಬಾಯಿಗೆ ಮಾತ್ರ ಬೀಗ. ಅಮ್ಮ ಮೊದಲ ದಿನವೇ ಅವರಿಗೆ 'ಮೌನಿ' ಎಂದು ಹೆಸರಿಟ್ಟುಬಿಟ್ಟಳು. ಅವರು ಒಂದು ಹೊಸ ಹಗ್ಗ ತಂದು, ಎರಡೂ ತುದಿಗೆ ಕಣ್ಣು ಮಾಡಿಸಿಕೊಂಡು, ತುಟಿ ಪಿಟಕ್ಕೆನ್ನದೆ ಹೊರಟುಹೋದರು.

ಸ್ವಲ್ಪ ದಿನಕ್ಕೆ ಅದೇ ಹಗ್ಗ ಹೊತ್ತುಕೊಂಡು ಬಂದರು.

"ಏನಾಯ್ತು?" ಅಂದಳು ದೊಡ್ಡಮ್ಮ.

"ಕಣ್ಣು... ಅಷ್ಟು ಸರಿ ಇಲ್ಲ ಅನ್ನಿಸ್ತು."

ದೊಡ್ಡಮ್ಮನ ಮುಖ ಕೆಂಪಗಾಯಿತು. ಅಷ್ಟು ವರ್ಷದಲ್ಲಿ ಅವಳ ಕೆಲಸದಲ್ಲಿ ಯಾರೂ ಕೊಂಕು ತೆಗೆದಿರಲಿಲ್ಲ. ಆ ತುದಿ ಕತ್ತರಿಸಿ ಬಿಸಾಕಿ, ಇನ್ನೊಂದು ಕಣ್ಣು ಹೆಣೆದಳು. ಅವರು ಮೂಲೆಯ ಸ್ಟೂಲಿನ ಮೇಲೆ ಕೂತು, ಕೆಲಸ ಮುಗಿಯುವವರೆಗೂ ನೋಡುತ್ತಿದ್ದರು. ಮತ್ತೆ ಬಂದರು. ಈ ಸಲ ಇನ್ನೊಂದು ತುದಿ ಸರಿ ಇಲ್ಲವಂತೆ. ಮತ್ತೂ ಬಂದರು. ಪ್ರತಿ ಸಲವೂ ತುದಿ ಕತ್ತರಿಸಬೇಕಾದ್ದರಿಂದ ಹಗ್ಗ ಗಿಡ್ಡವಾಗುತ್ತ ಹೋಯಿತು. ದೊಡ್ಡಮ್ಮನ ಸಿಟ್ಟು ಮಾತ್ರ ಉದ್ದವಾಗುತ್ತ ಹೋಯಿತು.

ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ. ಆಪರೇಟರು ಆ ಹಗ್ಗವನ್ನು ಕೈಚೀಲದಲ್ಲೇ ಹಾಕಿಕೊಂಡು ಬಂದಿದ್ದರು, ಅಷ್ಟು ಚಿಕ್ಕದಾಗಿತ್ತು. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಬೆರಳಿಂದ ಸವರಿದಳು.

"ಇದರಲ್ಲಿ ಏನು ಎತ್ತಿದ್ದೀರಿ ಇಲ್ಲಿತನಕ?"

ಅವರು ಚಪ್ಪಲಿ ನೋಡಿಕೊಂಡರು.

"ಭಾರ ಬಿದ್ದ ಕಣ್ಣು ಉದ್ದ ಆಗುತ್ತೆ. ಇದು ನಾನು ಕೊಟ್ಟಾಗ ಹೇಗಿತ್ತೋ ಹಾಗೇ ಗುಂಡಗಿದೆ. ಗ್ರೀಸು ಒಂಚೂರೂ ಹೊರಗೆ ಬಂದಿಲ್ಲ. ಇದಕ್ಕೆ ಒಂದು ಬಕೆಟ್ ನೀರನ್ನೂ ಕಟ್ಟಿಲ್ಲ ನೀವು. ಇದು ಬಂದರಿನ ಹಗ್ಗ ತಾನೆ?"

"ಅಲ್ಲ. ನಾನೇ ಕೊಂಡಿದ್ದು."

"ಯಾಕೆ?"

ಅವರು ಮೂಲೆಯ ಸ್ಟೂಲಿನ ಕಡೆ ನೋಡಿ ಹೇಳಿದರು, "ಬರೀ ಕೈಲಿ ಬಂದ್ರೆ ಕೂರೋಕೆ ಸ್ಟೂಲು ಕೊಡ್ತಿದ್ರಾ?"

ಅಮ್ಮನಿಗೆ ಮೊದಲು ಅರ್ಥವಾಯಿತು. ಕೈಯಲ್ಲಿದ್ದ ಇಕ್ಕಳ ಠಣ್ ಎಂದು ಕೆಳಗೆ ಬಿತ್ತು. ದೊಡ್ಡಮ್ಮನಿಗೆ ಅರ್ಥವಾದ ಮೇಲೆ ಅವಳು ಹಗ್ಗವನ್ನು ಮೇಜಿನ ಮೇಲೆ ಇಟ್ಟು, "ಇನ್ನೆರಡು ಸಲ ಬಂದಿದ್ದರೆ ಈ ಎರಡು ಕಣ್ಣೂ ಒಂದಕ್ಕೊಂದು ಮುತ್ತು ಕೊಡ್ತಿದ್ದವು" ಅಂದಳು. ತನ್ನ ಬಾಯಿಂದ ಯಾವ ಮಾತು ಬಂತೆಂದು ಆಮೇಲೆ ಹೊಳೆದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೊಡ್ಡಮ್ಮ ನಾಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆದರೆ ಅವರು ಮದುವೆಯ ಮಾತೆತ್ತಿದಾಗ ದೊಡ್ಡಮ್ಮ ಆಗುವುದಿಲ್ಲ ಅಂದಳು. ಅದಕ್ಕೆ ಕಾರಣ ನಮ್ಮಮ್ಮ. ಮನೆಗೆ ಬಂದವಳೇ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಿದ್ದಳು. "ಇವಳು ಗಂಡನ ಮನೆಗೆ ಹೋದರೆ ನನ್ನ ಎದುರು ದಬ್ಬಣ ಹಿಡಿಯೋರು ಯಾರು? ಈ ಟೈಲರ್ರಾ?" ಅಪ್ಪ ಸೂಜಿಗೆ ದಾರ ಪೋಣಿಸುತ್ತ, "ನನ್ನ ಯಾಕೆ ಎಳೀತೀಯ ಮಾರಾಯ್ತಿ" ಎಂದು ಒಳಗೆ ಹೋದರು. ಅದು ಹೇಗೋ ದೊಡ್ಡಮ್ಮನ ಕಿವಿಗೆ ಬಿದ್ದಿತ್ತು.

ಆಪರೇಟರು "ಆಯ್ತು" ಅಂದು, ಗಿಡ್ಡ ಹಗ್ಗವನ್ನು ಚೀಲಕ್ಕೆ ಹಾಕಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ದೊಡ್ಡಮ್ಮ ಕೆಲಸ ಬಿಡಲಿಲ್ಲ, ನಗುವುದನ್ನು ಬಿಟ್ಟಳು. ಗೇಟಿನ ಕಾವಲುಗಾರನೇ ಒಂದು ದಿನ ಬಂದು, "ಅಕ್ಕೋರಿಗೆ ಹುಷಾರಿಲ್ವಾ?" ಎಂದು ಅಮ್ಮನನ್ನು ಕೇಳಿದ. ಅವತ್ತು ಅಮ್ಮ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದಳು.

ಅಷ್ಟರಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವ ಹಳೆಯ ದೋಣಿಯೊಂದು ಕಟ್ಟೆಯ ಪಕ್ಕದಲ್ಲೇ ನೀರು ತುಂಬಿಕೊಂಡು ಮುಳುಗಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಅದನ್ನೆತ್ತಲು ಮುಂಗೈ ದಪ್ಪದ ನಾಲ್ಕು ಹಗ್ಗ ಬೇಕಾದವು. ಅಕ್ಕತಂಗಿಯರು ಬೆವರು ಸುರಿಸಿ ಹೆಣೆದು ಕೊಟ್ಟರು. ಎತ್ತುವ ದಿನ ಬೀದಿಗೆ ಬೀದಿಯೇ ಬಂದರಿಗೆ ಹೊರಟಿತು. ದೊಡ್ಡಮ್ಮ ಮಾತ್ರ ಕದಲಲಿಲ್ಲ. ತನ್ನ ಹಗ್ಗಕ್ಕೆ ಭಾರ ಬೀಳುವುದನ್ನು ಅವಳು ಒಂದು ಸಲವೂ ನೋಡಿದವಳಲ್ಲ. ನೆನೆದರೇ ಜೀವ ಬಾಯಿಗೆ ಬರುತ್ತದೆ ಅನ್ನುತ್ತಿದ್ದಳು.

"ಏಳು ಅಕ್ಕ," ಅಂದಳು ಅಮ್ಮ.

"ನಾನು ಬರಲ್ಲ ಕಣೇ."

"ಬಾ ಅಂದ್ರೆ ಬಾ. ನೀನು ನೋಡಬೇಕಾದ್ದು ಹಗ್ಗ ಅಲ್ಲ." ರಟ್ಟೆ ಹಿಡಿದು ಎಬ್ಬಿಸಿಕೊಂಡೇ ಹೋದಳು.

ಮುಳುಗುಗಾರರು ದೋಣಿಯ ಅಡಿಯಿಂದ ಹಗ್ಗ ದಾಟಿಸಿ, ಕಣ್ಣುಗಳನ್ನು ಕೊಕ್ಕೆಗೆ ಸಿಕ್ಕಿಸಿ ಮೇಲೆ ಬಂದರು. ದಡದ ಮೇಲೆ ಸಿಗ್ನಲ್ ಕೊಡುವಾತ ವಾಕಿಟಾಕಿ ಹಿಡಿದು ನಿಂತಿದ್ದ. ದೊಡ್ಡಮ್ಮ ಅಮ್ಮನ ಭುಜದ ಹಿಂದೆ ಕಣ್ಣು ಮುಚ್ಚಿ ನಿಂತಿದ್ದಳು. ಕ್ರೇನು ಗುರುಗುಟ್ಟಿತು. ಹಗ್ಗಗಳು ನೀರಿನಿಂದ ಮೆಲ್ಲಗೆ ಎದ್ದು, ನೆಟ್ಟಗಾಗಿ, ಅಲ್ಲೇ ನಿಂತವು. ಜನ ಗುಸುಗುಟ್ಟಿದರು, "ಯಾಕೆ ನಿಲ್ಲಿಸಿದ?" ದೊಡ್ಡಮ್ಮ ಒಂದು ಕಣ್ಣು ತೆರೆದಳು.

ಆಪರೇಟರು ಹಗ್ಗ ಸುಧಾರಿಸಿಕೊಳ್ಳಲು ಬಿಟ್ಟಿದ್ದರು. ನಾಲ್ಕಕ್ಕೂ ಭಾರ ಸಮನಾಗಿ ಹಂಚಿಕೆಯಾಗುವವರೆಗೆ ಕಾದರು. ಆಮೇಲೆ ಚೂರು ಎತ್ತಿದರು. ಮತ್ತೆ ಕಾದರು. ದೋಣಿಯ ಹೊಟ್ಟೆಯ ನೀರು ಇಳಿಯಲು ಬಿಟ್ಟು, ಮತ್ತೆ ಚೂರು. ಮಲಗಿದ ಮಗುವನ್ನು ತೊಟ್ಟಿಲಿಂದ ಎತ್ತಿಕೊಳ್ಳುವ ಹಾಗೆ, ಎಲ್ಲೂ ಒಂದು ಜಗ್ಗು ಇಲ್ಲ, ಒಂದು ಅದುರು ಇಲ್ಲ. ದೊಡ್ಡಮ್ಮನ ಎರಡೂ ಕಣ್ಣು ಅಗಲವಾಗಿದ್ದವು. ದೋಣಿ ನೀರು ಸುರಿಸುತ್ತ ಗಾಳಿಗೇರಿ, ದಡದ ಮರದ ದಿಮ್ಮಿಗಳ ಮೇಲೆ ಮೆತ್ತಗೆ ಕೂತಿತು.

"ನೋಡಿದ್ಯೇನೇ," ಅಂದಳು ದೊಡ್ಡಮ್ಮ, "ಒಂದೇ ಒಂದು ಸಲ ಜಗ್ಗಲಿಲ್ಲ ಪುಣ್ಯಾತ್ಮ."

"ಹೋಗಿ ಹೇಳು ಮತ್ತೆ," ಅಂದಳು ಅಮ್ಮ. "ನನ್ನ ಎದುರು ಕೂರೋದನ್ನ ಮಾತ್ರ ಬಿಡಬೇಡ. ಗಂಡನನ್ನ ನಮ್ಮ ಬೀದಿಗೇ ಕರ್ಕೊಂಡು ಬಾ."

ದೊಡ್ಡಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ದುಡುದುಡು ನಡೆದು ಸಿಗ್ನಲ್‌ನವನ ಕೈಯಿಂದ ವಾಕಿಟಾಕಿ ಕಿತ್ತುಕೊಂಡಳು.

"ನೋಡಿ, ಇನ್ಮೇಲೆ ಹಗ್ಗ ಹಾಳು ಮಾಡಬೇಡಿ. ಬರೀ ಕೈಲಿ ಬನ್ನಿ. ಸ್ಟೂಲು ಅಲ್ಲೇ ಇದೆ."

ಅದು ಇಡೀ ಬಂದರಿನವರು ಕೇಳುವ ಚಾನೆಲ್ ಎಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ವಾಕಿಟಾಕಿಯಿಂದ ಆಪರೇಟರ ದನಿ ಬಂತು: "ಇವತ್ತೇ ಬರಲಾ?" ಅಷ್ಟೇ, ಹಡಗು ಎಳೆಯುವ ಟಗ್ಗುಗಳು, ಲಾಂಚುಗಳು, ದೂರದಲ್ಲಿ ಲಂಗರು ಹಾಕಿದ್ದ ಹಡಗು, ಒಂದಾದ ಮೇಲೊಂದು ಹಾರನ್ ಒತ್ತಿದವು. ದೊಡ್ಡಮ್ಮ ನಕ್ಕಳು. ಅಷ್ಟು ಗದ್ದಲದಲ್ಲೂ ಆ ನಗು ಕೇಳಿಸಿತು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ, ಶೆಡ್ಡಿನ ಮುಂದೆ ಊಟ. ದೊಡ್ಡಮ್ಮನ ರವಿಕೆ ಅಪ್ಪನೇ ಹೊಲಿದರು, ದೊಡ್ಡಪ್ಪನಾದವರ ಅಂಗಿಯನ್ನೂ. ಇಬ್ಬರೂ ಶೆಡ್ಡಿನ ಪಕ್ಕದ ಮನೆಯ ಮಹಡಿ ಕೋಣೆಗೆ ಬಂದು ಸಂಸಾರ ಹೂಡಿದರು. ದೊಡ್ಡಮ್ಮ ಒಂದು ದಿನವೂ ಅಮ್ಮನ ಎದುರಿನ ಜಾಗ ತಪ್ಪಿಸಲಿಲ್ಲ. ದೊಡ್ಡಪ್ಪನ ಬಾಯಿಯ ಬೀಗ ಮನೆಯಲ್ಲಿ ಕಳಚಿತು. ಈಗ ಅವರ ಮಾತು ನಿಲ್ಲಿಸುವುದೇ ಕಷ್ಟ ಎಂದು ಅಮ್ಮ ಗೊಣಗುತ್ತಾಳೆ.

ಹೋದ ವಾರ ಹೋಗಿದ್ದಾಗ ಇಬ್ಬರೂ ಕೋಣೆಗೆ ಹತ್ತುವ ಮರದ ಮೆಟ್ಟಿಲುಗಳಿಗೆ ನೀಲಿ ಬಣ್ಣ ಹೊಡೆಯುತ್ತಿದ್ದರು. ದೊಡ್ಡಪ್ಪ ಮೇಲಿನಿಂದ ಇಳಿಯುತ್ತ, ದೊಡ್ಡಮ್ಮ ಕೆಳಗಿನಿಂದ ಏರುತ್ತ ಬಂದು, ನಟ್ಟನಡುವೆ ಒಂದೇ ಮೆಟ್ಟಿಲಿನಲ್ಲಿ ಸಿಕ್ಕಿಕೊಂಡು ಕೂತಿದ್ದರು. ಮೇಲೂ ಹಸಿ ಬಣ್ಣ, ಕೆಳಗೂ ಹಸಿ ಬಣ್ಣ. ನಗು ತಡೆಯಲಾಗದೆ ಇಬ್ಬರಿಗೂ ಮಾತೇ ಹೊರಡುತ್ತಿಲ್ಲ. ನಾನು ಏಣಿ ತರಲು ಓಡಿದೆ.